ಕೊಳವೆ ಬಾವಿ ಕೊರೆಸುವ ಮೊದಲು ಊರಿನ ನೀರಿನ ಲೆಕ್ಕ ಬರೆದಿಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ಕೊಡಗಿನ ಗ್ರಾಮಸಭೆಗಳಲ್ಲಿ ಮೊದಲು ಏಳುವ ಬೇಡಿಕೆ ಇನ್ನೊಂದು ಕೊಳವೆ ಬಾವಿ. ಕೊಡ ಹಿಡಿದು ಗದ್ದೆ ಬದಿಯ ಬಾವಿಗೆ ಇಳಿದು, ತುಂಬಿದ ಕೊಡದೊಂದಿಗೆ ಏರು ಹತ್ತುವವರ ಬಾಯಿಂದ ಆ ಬೇಡಿಕೆ ಬರುವುದು ಸಹಜವೇ. ಆದರೆ ಈಗಿರುವ ಕೊಳವೆ ಬಾವಿಯಲ್ಲಿ ನೀರು ಎಷ್ಟು ಅಡಿಗೆ ಸಿಕ್ಕಿತ್ತು, ಕಳೆದ ವರ್ಷ ಇದೇ ತಿಂಗಳು ಅದರ ಮಟ್ಟ ಎಲ್ಲಿತ್ತು, ಆ ನೀರನ್ನು ಕೊನೆಯ ಬಾರಿ ಪರೀಕ್ಷೆ ಮಾಡಿದ್ದು ಯಾವಾಗ, ಫಲಿತಾಂಶ ಏನು ಬಂತು ಎಂದು ಅದೇ ಸಭೆಯಲ್ಲಿ ಕೇಳಿದರೆ, ನೋಡಿ ಉತ್ತರ ಹೇಳುವುದಕ್ಕೆ ಒಂದು ಪುಸ್ತಕ ಸಾಮಾನ್ಯವಾಗಿ ಇರುವುದಿಲ್ಲ. ನಾನು ಸುಂಟಿಕೊಪ್ಪ ಹೋಬಳಿಯ ಒಂದು ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ. ಜಲ ಜೀವನ್ ಮಿಷನ್ ಅಡಿಯಲ್ಲಿ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಪಡೆದವರಲ್ಲಿ ಒಬ್ಬಳು. ನಮ್ಮ ಜಿಲ್ಲೆಯ ಪ್ರತಿ ಕುಡಿಯುವ ನೀರಿನ ಮೂಲಕ್ಕೂ ಒಂದು ಲೆಕ್ಕದ ಪುಸ್ತಕ ಇರಬೇಕು, ಅದು ಊರಿನವರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು, ಆ ಪುಸ್ತಕ ನೋಡದೆ ಹೊಸ ಬಾವಿಗೆ ಮಂಜೂರಾತಿ ಕೊಡಬಾರದು ಎಂಬ ಕೋರಿಕೆಯನ್ನು ಜಿಲ್ಲಾಡಳಿತದ ಮುಂದೆಯೂ ಓದುಗರ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಇಷ್ಟು ಮಳೆ ಬೀಳುವ ಜಿಲ್ಲೆಗೆ ನೀರಿನ ಚಿಂತೆ ಏಕೆ ಎಂದು ಹೊರಗಿನವರು ಕೇಳುವುದುಂಟು. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಪೂರ್ವಕ್ಕೆ ಇಳಿಯುತ್ತಾ ಕುಶಾಲನಗರದ ಬಯಲಿಗೆ ಬರುವಷ್ಟರಲ್ಲಿ 1,000 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಿದ್ದು, ಇಳಿಜಾರಿನಲ್ಲಿ ತೋಡು ಸೇರಿ, ಹೊಳೆ ಸೇರಿ ಜಿಲ್ಲೆಯಿಂದ ಹೊರಟುಹೋಗುತ್ತದೆ. ನಮ್ಮ ನೆಲದಡಿ ಇರುವುದು ನೈಸ್, ಗ್ರಾನೈಟ್, ಚಾರ್ನೊಕೈಟ್ ಜಾತಿಯ ಗಟ್ಟಿ ಬಂಡೆ. ಮೇಲಿನ ಜಂಬಿಟ್ಟಿಗೆ ಮತ್ತು ಶಿಥಿಲ ಮಣ್ಣಿನ ಪದರದಲ್ಲಿ ಒಂದಷ್ಟು ನೀರು ನಿಲ್ಲುತ್ತದೆ, ತೆರೆದ ಬಾವಿಗಳಿಗೆ ಬರುವುದು ಅದೇ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಇನ್ನೊಂದಷ್ಟು ಇರುತ್ತದೆ, ಕೊಳವೆ ಬಾವಿ ಹುಡುಕಿಕೊಂಡು ಹೋಗುವುದು ಅದನ್ನು. ಬಿರುಕು ಎಲ್ಲಿದೆ, ಅದು ಮೇಲಿನ ಪದರದೊಂದಿಗೆ ಎಲ್ಲಿ ಸೇರಿದೆ ಎಂಬುದರ ಮೇಲೆಯೇ ಎಲ್ಲ ನಿಂತಿರುವುದರಿಂದ, ಒಂದು ಮನೆಯಂಗಳದಲ್ಲಿ 200 ಅಡಿಗೆ ನೀರು ಚಿಮ್ಮಿದರೆ ಪಕ್ಕದ ಮನೆಯಲ್ಲಿ 600 ಅಡಿ ಹೋದರೂ ಬರೀ ದೂಳು ಏಳುವುದು ನಮ್ಮಲ್ಲಿ ಯಾರಿಗೂ ಹೊಸ ಸಂಗತಿಯಲ್ಲ.

ಅಂತರ್ಜಲದ ಅಧಿಕೃತ ಅಂದಾಜಿನಲ್ಲಿ, ವರ್ಷಕ್ಕೆ ತೆಗೆಯಬಹುದಾದ ನೀರಿನ ಶೇ 70ರೊಳಗೆ ಬಳಕೆ ಇದ್ದರೆ ಆ ಪ್ರದೇಶ 'ಸುರಕ್ಷಿತ', 70ರಿಂದ 90 ಇದ್ದರೆ 'ಅರೆ ಸಂಕಷ್ಟ', 90ರಿಂದ 100 ಇದ್ದರೆ 'ಸಂಕಷ್ಟ', 100 ಮೀರಿದರೆ 'ಅತಿ ಬಳಕೆ' ಎಂದು ವರ್ಗೀಕರಿಸುತ್ತಾರೆ. ಕೊಡಗು ಬಹುಮಟ್ಟಿಗೆ ಸುರಕ್ಷಿತ ವರ್ಗದಲ್ಲೇ ಬರುತ್ತಿದೆ, ಅದು ಸಂತೋಷದ ವಿಷಯ. ಆದರೆ ಅದು ಒಂದು ದೊಡ್ಡ ಪ್ರದೇಶದ ವರ್ಷದ ಲೆಕ್ಕ. ತಾಲ್ಲೂಕಿನ ಒಂದು ಅಂಚಿನ ಗುಡ್ಡದ ಮಳೆಯನ್ನೂ ಇನ್ನೊಂದು ಅಂಚಿನ ಬಯಲಿನ ಮಳೆಯನ್ನೂ ಒಟ್ಟು ಸೇರಿಸಿ ಬಂದ ಉತ್ತರದಲ್ಲಿ, ಏಪ್ರಿಲ್ ತಿಂಗಳಲ್ಲಿ ಗುಡ್ಡದ ತಲೆಯ ಮೇಲಿನ ಪೈಸಾರಿಯ (ಸರ್ಕಾರಿ ಜಾಗದ ವಸತಿಯ) ನಲ್ಲಿಗೆ ನೀರು ಏರುತ್ತಿಲ್ಲವೆಂಬುದು ಕಾಣಿಸುವುದಿಲ್ಲ. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆ ಬಂದಾಗ ತಾಲ್ಲೂಕಿನ ಸರಾಸರಿಯಿಂದ ಯಾವ ಮನೆಯ ಕೊಡವೂ ತುಂಬಲಿಲ್ಲ, ಟ್ಯಾಂಕರ್‌ಗಳೇ ಓಡಬೇಕಾಯಿತು. ಆದ್ದರಿಂದ ತಾಲ್ಲೂಕಿನ ಲೆಕ್ಕದ ಜೊತೆಗೆ ಊರಿನ ಲೆಕ್ಕ ಬೇಕೇ ಬೇಕು, ಅದನ್ನು ಊರಿನವರೇ ಬರೆಯಬೇಕು.

ಆ ಲೆಕ್ಕ ಬೋರ್ ಕೊರೆಯುವ ದಿನವೇ ಶುರುವಾಗಬೇಕು. ಲಾರಿ ಬಂದ ದಿನ ಊರಿಗೆ ಊರೇ ಸುತ್ತ ನೆರೆಯುತ್ತದೆ. ಎಷ್ಟು ಇಂಚು ನೀರು ಬಿತ್ತು ಎಂಬುದೊಂದೇ ಎಲ್ಲರ ಪ್ರಶ್ನೆ. ಇಂಚು ಎಂದರೆ ವಿ ಆಕಾರದ ಕಚ್ಚಿನ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಲಂಬಕೋನದ (90 ಡಿಗ್ರಿ) ಕಚ್ಚಿನಲ್ಲಿ ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಒಂದು ಇಂಚಿನ ವ್ಯತ್ಯಾಸದಲ್ಲಿ ನೀರು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹೀಗಿರುವಾಗ ಅಳೆದು ಬರೆಯದೆ ಕಣ್ಣಂದಾಜಿನಲ್ಲಿ 'ಎರಡೂವರೆ ಇಂಚು' ಎಂದು ಹೇಳಿ ಲಾರಿ ಹೊರಟುಹೋದರೆ, ಆ ಅಂದಾಜಿನ ಮೇಲೆ ಕೊಂಡ ಪಂಪು, ಕಟ್ಟಿದ ಟ್ಯಾಂಕು, ಎಳೆದ ಪೈಪು ಎಲ್ಲವೂ ಹೆಚ್ಚೋ ಕಡಿಮೆಯೋ ಆಗುತ್ತವೆ. 500 ಜನರಿರುವ ಒಂದು ಊರಿಗೆ ಜಲ ಜೀವನ್ ಮಿಷನ್ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಡಲು 27,500 ಲೀಟರ್ ಬೇಕು. ಎರಡು ಇಂಚಿನ ಬೋರಿನಿಂದ ಅದನ್ನು ತೆಗೆಯಲು ಒಂಬತ್ತು, ಒಂಬತ್ತೂವರೆ ಗಂಟೆ ಮೋಟಾರು ಓಡಬೇಕು. ಅಷ್ಟು ಹೊತ್ತು ಒಂದೇ ಸಮನೆ ತ್ರೀ ಫೇಸ್ ಕರೆಂಟು ಎಷ್ಟು ಊರುಗಳಲ್ಲಿ ಇರುತ್ತದೆ ಎಂಬುದು ಓದುಗರಿಗೆ ಗೊತ್ತಿದೆ. ಅದಕ್ಕಿಂತ ಮುಖ್ಯವಾಗಿ, ಮಳೆ ಮುಗಿದ ನವೆಂಬರಿನಲ್ಲಿ ಬಂದ ಇಂಚು ಏಪ್ರಿಲ್‌ನಲ್ಲಿ ಉಳಿಯುವುದಿಲ್ಲ. ಮೋಟಾರು ಇಳಿಸಿ, ಗಂಟೆಗಟ್ಟಲೆ ನೀರೆತ್ತಿ, ಮಟ್ಟ ಎಷ್ಟು ಕುಸಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಏರಿತು ಎಂದು ನೋಡುವ ಇಳುವರಿ ಪರೀಕ್ಷೆಯನ್ನು ಮಾರ್ಚ್ ಕೊನೆಯಿಂದ ಮೇ ನಡುವೆ ಮಾಡಿದರೆ ಮಾತ್ರ ಆ ಬಾವಿ ಊರನ್ನು ಸಾಕುತ್ತದೋ ಇಲ್ಲವೋ ಎಂಬುದು ತಿಳಿಯುತ್ತದೆ. ಈಗ ಇಳುವರಿ ಬರೆಯುವುದು ಕೊರೆದ ದಿನ ಒಂದೇ ಸಲ.

ನಮ್ಮೂರಿನಲ್ಲೇ ಆದದ್ದನ್ನು ಹೇಳುತ್ತೇನೆ. ಊರಿನ ಕೊಳವೆ ಬಾವಿಯ ಪಂಪು ಕೆಟ್ಟು ಮೇಲೆತ್ತಿದಾಗ, ಮೇಲಿನ ಮಣ್ಣು ಬಾವಿಗೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಎಷ್ಟು ಅಡಿಯವರೆಗೆ ಇಳಿದಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಕೊರೆದ ಗುತ್ತಿಗೆದಾರರು ಬಿಲ್ ಪಡೆದು ಹೋಗಿ ವರ್ಷಗಳಾಗಿದ್ದವು, ಅಳತೆ ಬರೆದ ಕಾಗದ ಯಾವ ಕಡತದಲ್ಲಿ ಸೇರಿತೋ ಸಿಗಲಿಲ್ಲ, ಆಗ ಇದ್ದ ನೀರುಗಂಟಿ ಕೆಲಸ ಬಿಟ್ಟಿದ್ದರು. ಹೊಸ ಪಂಪನ್ನು ಅಂದಾಜಿನ ಮೇಲೆ ಇನ್ನಷ್ಟು ಕೆಳಗೆ ಇಳಿಸಿದರು, ಕೆಲವೇ ದಿನಗಳಲ್ಲಿ ಕೆಂಪು ಕೆಸರು ಬರತೊಡಗಿ ಅದೂ ನಿಂತಿತು. ಶಿಥಿಲ ಮಣ್ಣಿನ ಪದರ ದಾಟಿ ಗಟ್ಟಿ ಬಂಡೆಯವರೆಗೆ ಕೇಸಿಂಗ್ ಇಳಿಸಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಕೇಸಿಂಗ್ ಕಡಿಮೆ ಹಾಕಿದರೆ ಆ ಹೊತ್ತಿಗೆ ಒಂದಷ್ಟು ಹಣ ಉಳಿಯುತ್ತದೆ. ಮಳೆಗಾಲದಲ್ಲಿ ಮೇಲಿನ ಕೊಳಕು ನೀರು ಪೈಪಿನ ಹೊರಬದಿಯಿಂದ ಸೀದಾ ಬಾವಿಗೆ ಇಳಿಯುವುದಕ್ಕೂ ಅದೇ ದಾರಿ. ಕೊರೆದ ಆಳ, ಕೇಸಿಂಗ್ ಆಳ, ಮಣ್ಣು ಬದಲಾದ ಆಳ, ನೀರು ಸಿಕ್ಕ ಆಳಗಳು, ಪಂಪು ಕೂರಿಸಿದ ಆಳ, ಇವಿಷ್ಟನ್ನು ಬರೆದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಸಮಿತಿಯ ಇಬ್ಬರ ಸಹಿ ಆಗದೆ ಬಿಲ್ ಪಾಸಾಗಬಾರದು ಎಂಬ ಒಂದು ನಿಯಮವನ್ನು ಜಿಲ್ಲಾ ಪಂಚಾಯಿತಿ ಮಾಡಿದರೆ ಇಂಥದ್ದು ನಿಲ್ಲುತ್ತದೆ. ಇದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ.

ಮಟ್ಟ ಅಳೆಯುವ ಕೆಲಸವೂ ಹಾಗೆಯೇ ಸುಲಭ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ, ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ಬಾವಿಗಳಿವೆ. ಆ ಬಾವಿಗಳು ಜಿಲ್ಲೆಗೆ ಬೆರಳೆಣಿಕೆಯಷ್ಟು. ನಮ್ಮ ತೆರೆದ ಬಾವಿಗಳಾದರೋ ಸಾವಿರಾರು. ಊರಿಗೆ ಎರಡು ಬಾವಿ ಆರಿಸಿಕೊಂಡು, ಒಂದು ಗದ್ದೆ ಬದಿಯದು, ಒಂದು ಏರಿನದು, ತಿಂಗಳಿಗೊಮ್ಮೆ ಬೆಳಿಗ್ಗೆ ನೀರೆತ್ತುವ ಮೊದಲು ತೂಕ ಕಟ್ಟಿದ ಟೇಪು ಇಳಿಸಿ ಅಳೆದು ಬರೆದರೆ ಸಾಕು. ಗ್ರಾಮದ ಪ್ರೌಢಶಾಲೆಯ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಮೂರು ವರ್ಷದ ಅಂಕಿ ಕೈಯಲ್ಲಿದ್ದರೆ, ಜನವರಿಯ ಮಟ್ಟ ನೋಡಿಯೇ ಏಪ್ರಿಲ್‌ನಲ್ಲಿ ಎಲ್ಲಿ ತೊಂದರೆ ಬರುತ್ತದೆಂದು ಹೇಳಬಹುದು, ಸ್ಪ್ರಿಂಕ್ಲರ್ ಇಡುವ ತೋಟದವರೊಂದಿಗೆ ಮೊದಲೇ ಕುಳಿತು ಮಾತಾಡಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದೆ ಹೋದರೆ ಬೆಳೆಗಾರರು ಕಾಫಿ ಹೂವಿಗೆ ನೀರು ಹಾಯಿಸಲೇಬೇಕು, ವರ್ಷದ ಫಸಲು ಅದರ ಮೇಲಿದೆ. ಊರಿನ ಬಾವಿಗಳಲ್ಲಿ ನೀರು ಇಳಿಯುವುದೂ ಅದೇ ವಾರಗಳಲ್ಲಿ. ನಾವೂ ಸಣ್ಣ ಬೆಳೆಗಾರರೇ, ಎರಡೂ ಕಡೆಯ ಕಷ್ಟ ಗೊತ್ತಿದ್ದೇ ಈ ಮಾತು ಬರೆಯುತ್ತಿದ್ದೇನೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಬಾರದೆಂದು ರಾಜ್ಯದ 1999ರ ಕಾಯ್ದೆಯೇ ಹೇಳುತ್ತದೆ. ರೆಸಾರ್ಟು, ಹೋಮ್‌ಸ್ಟೇಗಳು ಹೆಚ್ಚಿದ ಕಡೆಗಳಲ್ಲಿ ಅದನ್ನು ಜಾರಿ ಮಾಡಬೇಕಾದರೆ ಸಾರ್ವಜನಿಕ ಮೂಲ ಎಲ್ಲಿದೆ ಎಂಬ ಪಟ್ಟಿಯಾದರೂ ಪಂಚಾಯಿತಿ ಬಳಿ ಇರಬೇಕಲ್ಲವೇ?

ಒರತೆಗಳ ಬಗ್ಗೆ ನಮ್ಮ ಯೋಜನೆಗಳಲ್ಲಿ ಮಾತೇ ಇಲ್ಲದಿರುವುದು ನನಗೆ ಬೇಸರದ ಸಂಗತಿ. ಗಾಳಿಬೀಡು, ಕಾಲೂರು, ಭಾಗಮಂಡಲ ಕಡೆಯ ಎಷ್ಟೋ ಮನೆಗಳು ಇಂದಿಗೂ ಗುಡ್ಡದ ನೀರಿಗೆ ಪೈಪು ಹಾಕಿಕೊಂಡೇ ಬದುಕುತ್ತಿವೆ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕೈದು ದಿನ ಕರೆಂಟಿಲ್ಲದಾಗ ಬೋರಿನ ಊರು ಬಾಯಾರುತ್ತದೆ, ಒರತೆಯ ಮನೆಯಲ್ಲಿ ನೀರು ಬರುತ್ತಲೇ ಇರುತ್ತದೆ. ಒರತೆ ಹೊರಡುವ ಕಡೆ ಮುಚ್ಚಳವಿರುವ ಸಣ್ಣ ತೊಟ್ಟಿ ಕಟ್ಟಿ, ಹೆಚ್ಚಾದ ನೀರು ಹೊರಹೋಗಲು ಪೈಪಿಟ್ಟು, ಮೇಲ್ಗಡೆ ಮಳೆನೀರು ಬದಿಗೆ ತಿರುಗುವಂತೆ ಚರಂಡಿ ತೋಡಿ, ದನ ಕಾಡುಹಂದಿ ನುಗ್ಗದಂತೆ ಬೇಲಿ ಹಾಕಿದರೆ ಒಂದು ಬೋರಿನ ಖರ್ಚಿಗಿಂತ ಕಡಿಮೆಯಲ್ಲಿ ಹತ್ತಾರು ಮನೆಗೆ ನೀರಾಗುತ್ತದೆ. ಬೇಸಿಗೆಯಲ್ಲಿ ಎಷ್ಟು ಹೊತ್ತಿಗೆ ಒಂದು ಕೊಡ ತುಂಬುತ್ತದೆ ಎಂದು ನೋಡಿ ಬರೆದಿಟ್ಟುಕೊಂಡರೆ ಒರತೆಯ ಇಳುವರಿಯೂ ಸಿಕ್ಕಿತು.

ನೀರು ಇಂಗಿಸುವ ವಿಷಯದಲ್ಲಿ ಕೊಡಗಿಗೆ ಬಯಲುಸೀಮೆಯ ಪಾಠವನ್ನು ಹಾಗೆಯೇ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಭಾಗದಲ್ಲಿ ಗುಡ್ಡಗಳು ಕುಸಿದದ್ದನ್ನೂ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಗುಡ್ಡ ಜರಿದ ಮೇಲೆ ಇಂಗುಗುಂಡಿಗಳ ಬಗ್ಗೆ ನಡೆದ ಚರ್ಚೆಯನ್ನೂ ಜಿಲ್ಲೆ ಮರೆತಿಲ್ಲ. ಕಡಿದಾದ ಇಳಿಜಾರಿನ ದಪ್ಪ ಮಣ್ಣಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಮಣ್ಣಿನ ಭಾರವೂ ಒಳಗಿನ ನೀರಿನ ಒತ್ತಡವೂ ಹೆಚ್ಚುತ್ತವೆ. ಗುಡ್ಡ ಜಾರಲು ಬೇಕಾದ್ದು ಅವೆರಡೇ. ನಮ್ಮಲ್ಲಿ ನೀರು ಇಂಗಬೇಕಾದ ಜಾಗ ಕೆಳಗಿನ ಗದ್ದೆ ಮತ್ತು ಕೆರೆ. ಜುಲೈನಲ್ಲಿ ನಾಟಿಯಾದ ಗದ್ದೆಯಲ್ಲಿ ನಮ್ಮ ಸುಗ್ಗಿ ಹಬ್ಬವಾದ ಪುತ್ತರಿ ಹತ್ತಿರವಾಗುವವರೆಗೆ ನೀರು ನಿಲ್ಲುತ್ತದೆ, ನಿಧಾನವಾಗಿ ಇಂಗಿ ಕೆಳಗಿನ ಬಾವಿಗಳನ್ನು ಬೇಸಿಗೆಗೆ ದಾಟಿಸುತ್ತದೆ. ಆ ಗದ್ದೆಗಳು ಪಾಳು ಬಿದ್ದಿವೆ, ಶುಂಠಿಗೆ ಗುತ್ತಿಗೆ ಹೋಗಿವೆ, ಮಣ್ಣು ತುಂಬಿ ಸೈಟುಗಳಾಗಿವೆ. ಗದ್ದೆ ಬೇಸಾಯದಲ್ಲಿ ನಷ್ಟವೇ ಎಂದು ಗೊತ್ತಿದ್ದೂ ಬಿತ್ತುವ ರೈತರಿಗೆ, ಅವರು ಇಂಗಿಸುವ ನೀರಿನ ಲೆಕ್ಕದಲ್ಲಾದರೂ ಎಕರೆಗಿಷ್ಟು ಎಂದು ಸಹಾಯಧನ ಕೊಡುವುದು ಇನ್ನೂ ಹತ್ತು ಬೋರು ಕೊರೆಸುವುದಕ್ಕಿಂತ ನ್ಯಾಯವಾದ ಖರ್ಚು.

ಇನ್ನು ನೀರಿನ ಗುಣಮಟ್ಟ. ನಮ್ಮ ನೀರು ಶುದ್ಧ, ಕಾವೇರಿ ಹುಟ್ಟುವ ನಾಡಿನ ನೀರಿಗೆ ಪರೀಕ್ಷೆ ಏಕೆ ಎಂಬ ನಂಬಿಕೆ ಹಿರಿಯರಲ್ಲಿ ಗಟ್ಟಿಯಾಗಿದೆ, ಅದರ ಹಿಂದಿನ ಭಕ್ತಿಯನ್ನು ನಾನೂ ಗೌರವಿಸುತ್ತೇನೆ. ಕೋಲಾರ, ಪಾವಗಡದ ಕಡೆ ಕಾಡುವ ಫ್ಲೋರೈಡ್ ನಮ್ಮಲ್ಲಿ ದೊಡ್ಡ ಸಮಸ್ಯೆಯಲ್ಲ, ಕರಗಿದ ಲವಣವೂ ಹೆಚ್ಚಿನ ಕಡೆ ಕಡಿಮೆಯೇ. ನಮ್ಮ ತೊಂದರೆಗಳು ಬೇರೆ, ಅವುಗಳಲ್ಲಿ ಮೊದಲನೆಯದು ಮಲದಿಂದ ಬರುವ ರೋಗಾಣು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಕಾಣಿಸಬಾರದು. ಕೊಡಗಿನ ಮನೆಗಳು ಏರಿನಲ್ಲಿ, ಬಾವಿಗಳು ಇಳಿಜಾರಿನ ಕೆಳಗೆ ಗದ್ದೆ ಬದಿಯಲ್ಲಿ. ಶೌಚದ ಗುಂಡಿ ಮನೆಯ ಹಿಂದೆ, ಎಂದರೆ ಬಾವಿಯ ಮೇಲ್ಗಡೆ. ಬಾವಿಗೂ ಗುಂಡಿಗೂ ಕಡಿಮೆಯೆಂದರೆ 15 ಮೀಟರ್ ಅಂತರ ಇರಬೇಕೆಂಬುದು ಸಾಮಾನ್ಯವಾಗಿ ಹೇಳುವ ನಿಯಮ. ಅದು ಸಮತಟ್ಟು ನೆಲದ ಮಾತು. ಜುಲೈ, ಆಗಸ್ಟ್‌ನಲ್ಲಿ ನೆಲದ ನೀರು ಗುಂಡಿಯ ತಳಕ್ಕೇ ಏರಿ ಬಂದಾಗ, ಇಳಿಜಾರಿನಲ್ಲಿ ಆ ಅಂತರ ಸಾಲುವುದೆಂದು ನಂಬಿ ಕೂರಲಾಗದು. ಪುನರ್ವಸತಿ ಬಡಾವಣೆಗಳಲ್ಲಿ, ಪೈಸಾರಿಗಳಲ್ಲಿ ಮನೆಗಳು ಒತ್ತೊತ್ತಾಗಿರುವುದರಿಂದ ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ನಮಗೆ ಕೊಟ್ಟಿರುವ ಕಿಟ್‌ನಲ್ಲಿ ರೋಗಾಣು ಪರೀಕ್ಷೆಗೆ ಒಂದು ಸಣ್ಣ ಶೀಶೆ ಇರುತ್ತದೆ. ಗೆರೆಯವರೆಗೆ ನೀರು ತುಂಬಿ ಮುಚ್ಚಿಟ್ಟು 24ರಿಂದ 48 ಗಂಟೆ ಕಾಯಬೇಕು. ಮಲಿನವಾಗಿದ್ದರೆ ನೀರು ಕಪ್ಪಾಗುತ್ತದೆ. ಆ ಶೀಶೆ ಕಪ್ಪಾಗಬೇಕಾದರೆ ಒಳಗಿನ ರೋಗಾಣು ಬೆಳೆಯಬೇಕು, ಬೆಳೆಯಲು ಬೆಚ್ಚಗಿರಬೇಕು. ಜಡಿಮಳೆಯ ದಿನಗಳಲ್ಲಿ ನಮ್ಮ ಪಂಚಾಯಿತಿ ಕಟ್ಟಡದ ಕಪಾಟು ಬೆಚ್ಚಗಿರುವುದಿಲ್ಲ. ತೋಟದ ಕಾರ್ಮಿಕರ ಒಂದು ಲೈನ್‌ಮನೆ ಬಾವಿಯ ನೀರನ್ನು ಎರಡು ಶೀಶೆಗಳಲ್ಲಿ ತುಂಬಿ, ಒಂದನ್ನು ಕಪಾಟಿನಲ್ಲಿಯೂ ಇನ್ನೊಂದನ್ನು ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದ ಅಂಚಿನಲ್ಲಿಯೂ ಇಟ್ಟಿದ್ದೆವು. ಮರುದಿನ ಸಂಜೆಗೆ ಕಪಾಟಿನದು ಹಾಗೆಯೇ ತಿಳಿಯಾಗಿತ್ತು, ಒಲೆ ಬದಿಯದು ಇದ್ದಿಲಿನಷ್ಟು ಕಪ್ಪಾಗಿತ್ತು. ಕಪಾಟಿನದನ್ನು ಮಾತ್ರ ನೋಡಿದ್ದರೆ ಆ ಬಾವಿಗೆ 'ಕುಡಿಯಲು ಯೋಗ್ಯ' ಎಂದು ಬರೆದು ಮುಗಿಸುತ್ತಿದ್ದೆವು. ಮಲೆನಾಡಿನ ತರಬೇತಿಗಳಲ್ಲಿ ಇದನ್ನು ಒತ್ತಿ ಹೇಳಬೇಕು, ಮಳೆಗಾಲದ ಪರೀಕ್ಷೆಗೆಂದು ಪಂಚಾಯಿತಿಗೊಂದು ಸಣ್ಣ ಇನ್‌ಕ್ಯುಬೇಟರ್ ಕೊಡಬೇಕು.

ನಿಯಮದಂತೆ ಪ್ರತಿ ಮೂಲವನ್ನೂ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆಗೂ, ಮಳೆಗಾಲದ ಮೊದಲು ಮತ್ತು ನಂತರ ಎರಡು ಬಾರಿ ರೋಗಾಣು ಪರೀಕ್ಷೆಗೂ ಒಳಪಡಿಸಬೇಕು. ಕೊಡಗಿನ ಮಟ್ಟಿಗೆ ಇದು ಸಾಲದು. ಮೊದಲ ಜಡಿಮಳೆಗೆ ನೆಲದ ಮೇಲಿನ ಕೊಳೆಯೆಲ್ಲ ತೊಳೆದು ಬಾವಿಗೆ ಇಳಿಯುವುದು ಜೂನ್, ಜುಲೈನಲ್ಲಿ. ಕಾಮಾಲೆ, ಟೈಫಾಯ್ಡ್‌ನ ಭಯ ಹೆಚ್ಚುವುದೂ ಆಗಲೇ. ಆ ನಡುವಿನ ಒಂದು ಪರೀಕ್ಷೆ ನಮಗೆ ಕಡ್ಡಾಯವಾಗಬೇಕು. ರೋಗಾಣು ಪರೀಕ್ಷೆಯ ಮಾದರಿ ತಂಪು ಪೆಟ್ಟಿಗೆಯಲ್ಲಿ 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು. ರಸ್ತೆಗೆ ಗುಡ್ಡದ ಬರೆ ಜರಿದು ಬಸ್ಸೇ ಬಾರದ ದಿನಗಳಲ್ಲಿ ಮಾದರಿಯನ್ನು ಮಡಿಕೇರಿಗೆ ಮುಟ್ಟಿಸುವ ಹೊಣೆಯನ್ನು ನೀರುಗಂಟಿಯ ಮೇಲೆ ಬಿಡದೆ, ಹೋಬಳಿಗೊಂದು ದಿನ ಗೊತ್ತುಮಾಡಿ ಇಲಾಖೆಯ ವಾಹನವೇ ಬಂದು ಒಯ್ಯುವ ಏರ್ಪಾಡು ಆಗಲಿ.

ಎರಡನೆಯದು ಕಬ್ಬಿಣ. ಬೋರಿನಿಂದ ಬರುವಾಗ ತಿಳಿಯಾಗಿದ್ದ ನೀರು ಬಕೆಟ್ಟಿನಲ್ಲಿ ಒಂದು ರಾತ್ರಿ ನಿಂತರೆ ಕೆಂಪಗಾಗಿ ತಳದಲ್ಲಿ ಗಸಿ ಕಟ್ಟುತ್ತದೆ, ಚಹಾ ಕಪ್ಪಾಗುತ್ತದೆ, ಬಿಳಿ ಬಟ್ಟೆ ಕೆಡುತ್ತದೆ. ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ಕೆಳಗಿಳಿಯುವುದೇ ಇದಕ್ಕೆ ಕಾರಣವಾದ್ದರಿಂದ, ಪರಿಹಾರವೂ ಅದರಲ್ಲೇ ಇದೆ: ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಗಾಳಿಗೆ ಬೀಳಿಸಿ, ತಂಗಲು ಬಿಟ್ಟು, ಮರಳಿನ ಪದರದಲ್ಲಿ ಸೋಸಿದರೆ ಹೆಚ್ಚಿನ ಪಾಲು ಹೋಗುತ್ತದೆ. ಇದನ್ನು ಬಿಟ್ಟು ನಮ್ಮ ಊರುಗಳಿಗೂ ಆರ್‌ಒ ಶುದ್ಧ ನೀರಿನ ಘಟಕ ಕೊಡಿ ಎಂದು ಬೇಡಿಕೆ ಇಡುವವರನ್ನು ಕಂಡಿದ್ದೇನೆ. ಲವಣ ಹೆಚ್ಚಿರುವ ಜಿಲ್ಲೆಗಳಿಗೆ ಆರ್‌ಒ ಬೇಕು. ಲವಣವೇ ಕಡಿಮೆ ಇರುವ ನಮ್ಮ ನೀರನ್ನು, ಒಳಗೆ ಹೋದದ್ದರಲ್ಲಿ ದೊಡ್ಡ ಪಾಲನ್ನು ಹೊರಚೆಲ್ಲುವ ಯಂತ್ರಕ್ಕೆ ಹಾಕುವುದು ನೀರಿಗೂ ಹಣಕ್ಕೂ ನಷ್ಟ. ಪರೀಕ್ಷೆಯ ಅಂಕಿ ಕೈಯಲ್ಲಿದ್ದರೆ ಯಾವ ಊರಿಗೆ ಕಬ್ಬಿಣದ ಸೋಸುಘಟಕ, ಯಾವುದಕ್ಕೆ ಬರೀ ಕ್ಲೋರಿನ್, ಆಮ್ಲೀಯ ನೀರು ಪೈಪನ್ನು ತಿನ್ನುವ ಯಾವ ಊರಿಗೆ ಸುಣ್ಣಕಲ್ಲಿನ ಪದರ ಎಂದು ತಿಳಿದು ಖರ್ಚು ಮಾಡಬಹುದು.

ಕ್ಲೋರಿನ್ ವಿಷಯದಲ್ಲೂ ಅಂದಾಜೇ ನಡೆಯುತ್ತಿದೆ. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕು. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ 9,400 ಲೀಟರ್‌ನಷ್ಟು ನೀರಿರುತ್ತದೆ, ಅದಕ್ಕೆ 24 ಗ್ರಾಂ ಆಯಿತು. ಹಿಡಿಗಟ್ಟಲೆ ಸುರಿದರೆ ವಾಸನೆಗೆ ಜನ ಆ ನೀರನ್ನೇ ಬಿಟ್ಟು ತೋಡಿನ ನೀರಿಗೆ ಹೋಗುತ್ತಾರೆ. ಮಳೆಗಾಲದ ತೇವಕ್ಕೆ ಬಾಯಿ ಬಿಚ್ಚಿದ ಚೀಲದ ಪುಡಿ ಸತ್ವ ಕಳೆದುಕೊಂಡಿದ್ದರೆ ಎಷ್ಟು ಹಾಕಿದರೂ ಉಪಯೋಗವಿಲ್ಲ. ಆದ್ದರಿಂದ ಹಾಕಿದ್ದನ್ನು ಬರೆಯುವುದಕ್ಕಿಂತ ಉಳಿದದ್ದನ್ನು ಅಳೆಯಬೇಕು. ಕೊನೆಯ ನಲ್ಲಿಯಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಿ ಪರೀಕ್ಷಿಸಿದರೆ ಕ್ಲೋರಿನ್ ಇದೆಯೆಂದು ತೋರಿಸುವ ಬಣ್ಣ ಚೆನ್ನಾಗಿ ಬರುತ್ತದೆ, ಲೈನಿನ ತುದಿಯ ಮನೆಯಲ್ಲಿ ಅದೇ ಪರೀಕ್ಷೆ ಮಾಡಿದರೆ ಬಣ್ಣವೇ ಬಾರದಿರುವುದನ್ನು ನಾವು ನೋಡಿದ್ದೇವೆ.

ತೋಟಗಳ ಕಡೆಯಿಂದ ಬರುವ ತೊಂದರೆಯನ್ನೂ ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆಯುವ ಪಲ್ಪಿಂಗ್ ನಡೆಯುವುದು ಡಿಸೆಂಬರ್‌ನಿಂದ ಫೆಬ್ರವರಿ, ತೋಡುಗಳಲ್ಲಿ ನೀರು ಇಳಿಯುತ್ತಿರುವ ಕಾಲ. ಆ ಹುಳಿ ನೀರನ್ನು ತಳ ಭದ್ರವಿಲ್ಲದ ಗುಂಡಿಗೆ ಬಿಟ್ಟರೂ ತೋಡಿಗೆ ಬಿಟ್ಟರೂ ಕೆಳಗಿನ ಬಾವಿಗೆ ಬರದೆ ಇರದು. ಬೋರ್ಡೊ ದ್ರಾವಣಕ್ಕೆ ಬಳಸುವ ಮೈಲುತುತ್ತ, ಗೊಬ್ಬರದಿಂದ ಬರುವ ನೈಟ್ರೇಟ್, ಕಳೆನಾಶಕ, ಶುಂಠಿ ಗದ್ದೆಗೆ ಹೊಡೆಯುವ ಔಷಧಿಗಳು ಇವೆಲ್ಲ ಒಂದೇ ಮಣ್ಣಿಗೆ ಬೀಳುತ್ತಿವೆ. ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು, ಮುಖ್ಯವಾಗಿ ಹಸುಗೂಸುಗಳಿಗೆ ಅದು ಅಪಾಯ. ಅದನ್ನು ನಮ್ಮ ಕಿಟ್‌ನಲ್ಲೇ ನೋಡಬಹುದು. ಕೀಟನಾಶಕದ ಅಂಶ ಕಿಟ್‌ಗೆ ಸಿಗುವುದಿಲ್ಲ. ತೋಟ ಮತ್ತು ಶುಂಠಿ ಹೆಚ್ಚಿರುವ ಪಂಚಾಯಿತಿಗಳಿಂದಲಾದರೂ ವರ್ಷಕ್ಕೊಮ್ಮೆ ಆಯ್ದ ಮಾದರಿಗಳನ್ನು ಅದಕ್ಕೆ ಸೌಲಭ್ಯವಿರುವ ಪ್ರಯೋಗಾಲಯಕ್ಕೆ ಕಳಿಸಿ ಫಲಿತಾಂಶ ತರಿಸಬೇಕು.

ಲೈನ್‌ಮನೆಗಳಲ್ಲಿರುವ ಕಾರ್ಮಿಕರೂ ಆದಿವಾಸಿ ಹಾಡಿಗಳ ಎರವ, ಜೇನುಕುರುಬ ಕುಟುಂಬಗಳೂ ಕುಡಿಯುವ ನೀರು ಇಂಥ ಪಟ್ಟಿಗಳಿಂದ ಬಿಟ್ಟುಹೋಗುವುದೇ ಹೆಚ್ಚು. ತೋಟದೊಳಗಿನ ಬಾವಿ ಖಾಸಗಿಯದು ಎಂದು ಪಂಚಾಯಿತಿ ಮುಟ್ಟುವುದಿಲ್ಲ, ಅರಣ್ಯದಂಚಿನ ಹಾಡಿಗೆ ದಾರಿಯಿಲ್ಲ ಎಂದು ಮಾದರಿ ತರಲು ಹೋಗುವುದಿಲ್ಲ. ಕುಡಿಯುವವರು ಊರಿನವರೇ ಆದ ಮೇಲೆ ಆ ಮೂಲ ಯಾರ ಜಾಗದಲ್ಲಿದ್ದರೂ ಅದರ ಪರೀಕ್ಷೆ ಊರಿನ ಹೊಣೆ. ನಮ್ಮ ಸಮಿತಿ ಕೇಳಿದಾಗ ಯಾವ ತೋಟದ ಮಾಲೀಕರೂ ಬೇಡವೆಂದಿಲ್ಲ, ಕೇಳಬೇಕಷ್ಟೆ.

ಪರೀಕ್ಷೆ ಮಾಡಿದ ಮೇಲೆ ಫಲಿತಾಂಶ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ಪ್ರಶ್ನೆ. ನಾವು ಮೊಬೈಲಿನಲ್ಲಿ ಅಂಕಿ ತುಂಬುತ್ತೇವೆ, ಅದು ಮೇಲಕ್ಕೆ ಹೋಗುತ್ತದೆ. ಆ ಬಾವಿಯ ನೀರು ಕುಡಿಯುವ ಮನೆಗೆ ಅದು ತಿರುಗಿ ಬರುವುದಿಲ್ಲ. ಮೂಲದ ಬಳಿ ಒಂದು ಫಲಕ, ಪಂಚಾಯಿತಿ ಗೋಡೆಯ ಮೇಲೆ ಒಂದು ಪಟ್ಟಿ, ನ್ಯಾಯಬೆಲೆ ಅಂಗಡಿಯಲ್ಲಿ ಅದರ ಪ್ರತಿ, ಇಷ್ಟು ಸಾಕು. ಮೂಲದ ಹೆಸರು, ಪರೀಕ್ಷೆಯ ದಿನಾಂಕ, ಕುಡಿಯಬಹುದೇ, ಕುದಿಸಿ ಕುಡಿಯಬೇಕೇ, ಬಳಸಲೇಬಾರದೇ ಎಂಬ ಒಂದು ಸಾಲು ಇರಲಿ. ಕೆಟ್ಟ ಫಲಿತಾಂಶ ಬಂದ 24 ಗಂಟೆಯೊಳಗೆ ಆಶಾ ಕಾರ್ಯಕರ್ತೆಗೂ ಶಾಲೆ, ಅಂಗನವಾಡಿಗೂ ತಿಳಿಸಲೇಬೇಕೆಂದು ಆದೇಶವಾಗಲಿ, ಸರಿಪಡಿಸಿ ಮರುಪರೀಕ್ಷೆ ಮಾಡಿದ ದಿನಾಂಕವೂ ಅದೇ ಪಟ್ಟಿಯಲ್ಲಿ ಬರಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. 15ನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಟೇಪು, ಪುಸ್ತಕ, ಫಲಕ, ಶೀಶೆ ಇವುಗಳ ಖರ್ಚು ಅಂಥ ಅನುದಾನದಲ್ಲಿ ಅತ್ಯಲ್ಪ. ಪರೀಕ್ಷೆ ಮಾಡುವ ಮಹಿಳೆಯರಿಗೆ ಗೌರವಧನ ಸಕಾಲಕ್ಕೆ ಸಿಗಬೇಕು, ನೀರುಗಂಟಿಗೆ ಅಳತೆ ಬರೆಯುವ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಬೇಕು. ಬಿಟ್ಟಿ ಕೆಲಸದ ಮೇಲೆ ಲೆಕ್ಕ ನಿಲ್ಲುವುದಿಲ್ಲ. ಜಿಲ್ಲೆಯ ಭೂವಿಜ್ಞಾನಿಗಳು ವರ್ಷಕ್ಕೊಮ್ಮೆ ಈ ಪುಸ್ತಕಗಳನ್ನು ನೋಡಿ ಪಂಚಾಯಿತಿಗೆ ಬರಹದಲ್ಲಿ ಸಲಹೆ ಕೊಟ್ಟರೆ, ಹೊಸ ಬೋರಿನ ಜಾಗ ಗುರುತಿಸುವ ಅವರ ಕೆಲಸಕ್ಕೂ ಅದರಿಂದ ಬಲ ಬರುತ್ತದೆ.

ತಮ್ಮ ಪತ್ರಿಕೆಗೂ ನನ್ನದೊಂದು ವಿನಂತಿಯಿದೆ. ಮಳೆಗಾಲದಲ್ಲಿ ಹಾರಂಗಿ ಜಲಾಶಯದ ಮಟ್ಟವನ್ನು, ಗರಿಷ್ಠ 2,859 ಅಡಿ, ಇಂದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು ಎಂದು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ, ಜಿಲ್ಲೆಯ ಜನ ಅದನ್ನು ತಪ್ಪದೆ ಓದುತ್ತಾರೆ. ಜನವರಿಯಿಂದ ಮೇವರೆಗೆ ತಿಂಗಳಿಗೊಮ್ಮೆಯಾದರೂ ಹೋಬಳಿಗೊಂದು ಬಾವಿಯ ನೀರಿನ ಮಟ್ಟವನ್ನು ಅದೇ ರೀತಿ ಪ್ರಕಟಿಸುವುದಾದರೆ, ನಮ್ಮ ಗ್ರಾಮದ ಎರಡು ಬಾವಿಗಳ ಅಳತೆಯನ್ನು ಪ್ರತಿ ತಿಂಗಳ ಮೊದಲ ವಾರ ಕಳಿಸಿಕೊಡಲು ನಮ್ಮ ಸಮಿತಿ ಸಿದ್ಧವಿದೆ. ಬೇರೆ ಗ್ರಾಮಗಳ ಸಮಿತಿಗಳೂ ತಮ್ಮ ತಮ್ಮ ಬಾವಿಗಳ ಅಳತೆಯನ್ನು ಕಳಿಸಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ,
ಸುಂಟಿಕೊಪ್ಪ ಹೋಬಳಿ, ಕೊಡಗು ಜಿಲ್ಲೆ